ತೂಕದ ಸರ್ಜರಿ ಆದ ಮೇಲೆ ಹಸಿವು ಎಲ್ಲಿಗೆ ಹೋಗುತ್ತದೆ, ಯಾಕೆ ವಾಪಸ್ ಬರುತ್ತದೆ

ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರಲ್ಲಿ ತುಂಬಾ ಜನ ಮೊದಲ ಕೆಲವು ತಿಂಗಳು ಒಂದೇ ಮಾತು ಹೇಳುತ್ತಾರೆ: "ಹಸಿವೇ ಆಗ್ತಿಲ್ಲ." ಗಡಿಯಾರ ನೋಡಿಕೊಂಡು ಊಟಕ್ಕೆ ಕೂರಬೇಕು. ನಾಲ್ಕು ಚಮಚ ತಿನ್ನುವಷ್ಟರಲ್ಲಿ ಸಾಕಪ್ಪಾ ಅನ್ನಿಸುತ್ತದೆ. ತೂಕ ಇಳಿಯುತ್ತಲೇ ಹೋಗುತ್ತದೆ. ಆಮೇಲೆ ಎಂಟು ತಿಂಗಳಿಗೋ ವರ್ಷಕ್ಕೋ ಒಂದು ಸಂಜೆ ಹೊಟ್ಟೆ ಚುರುಗುಟ್ಟುತ್ತದೆ. ಆಗ ಶುರುವಾಗುತ್ತದೆ ಗಾಬರಿ. ಸರ್ಜರಿ ಕೆಟ್ಟೋಯ್ತಾ? ಹೊಟ್ಟೆ ಹಿಗ್ಗಿಬಿಟ್ಟಿತಾ? ಇಷ್ಟು ದುಡ್ಡು ಸುರಿದದ್ದೆಲ್ಲ ದಂಡ ಆಯ್ತಾ?

ಏನೂ ಕೆಟ್ಟಿಲ್ಲ. ಹಸಿವು ವಾಪಸ್ ಬಂದೇ ಬರುತ್ತದೆ, ಬರಬೇಕು ಕೂಡ. ಸರ್ಜರಿ ಮಾಡುವುದು ಇಷ್ಟು: ಒಂದಷ್ಟು ತಿಂಗಳು ಹಸಿವನ್ನು ಚೆನ್ನಾಗಿ ತಗ್ಗಿಸಿ ಇಡುತ್ತದೆ. ಆಮೇಲೂ ಅದು ಮೊದಲಿನ ಮಟ್ಟಕ್ಕೆ ಹೋಗದಂತೆ ಬಹಳಷ್ಟು ಜನರಿಗೆ ನೆರವಾಗುತ್ತದೆ. ಆ ಶಾಂತವಾದ ತಿಂಗಳುಗಳಲ್ಲಿ ಊಟದ ರೂಢಿ ಬದಲಾಗಿದ್ದರೆ, ಹಸಿವು ಬಂದಾಗ ನಿಭಾಯಿಸಬಹುದು. ರೂಢಿ ಬದಲಾಗದಿದ್ದರೆ ಕಷ್ಟ. ಸರ್ಜರಿಗೆ ಮುಂಚೆಯೇ ಇದನ್ನು ಬಿಡಿಸಿ ಹೇಳಿದ್ದರೆ ಎಷ್ಟೋ ಜನರ ಗಾಬರಿ, ನಾಚಿಕೆ ತಪ್ಪುತ್ತಿತ್ತು.

ಹಸಿವು ಹುಟ್ಟುವ ಜಾಗ

ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಎರಡು ಬಗೆಯ ಸರ್ಜರಿ. ಒಂದು ಸ್ಲೀವ್. ಇದರಲ್ಲಿ ಜಠರದ ಮುಕ್ಕಾಲು ಭಾಗವನ್ನು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿಯನ್ನು, ಉದ್ದಕ್ಕೆ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಒಳಗೆ ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಇದು ಹಳೆಯದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಶುರು ಮಾಡಿದ ವಿಧಾನ ಆಮೇಲೆ ಸುಧಾರಿಸುತ್ತಾ ಬಂದಿದೆ. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ಮಧ್ಯದಿಂದ ಎತ್ತಿ ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ.

ಹೊಟ್ಟೆ ಚಿಕ್ಕದಾಯಿತು, ಅದಕ್ಕೇ ಕಡಿಮೆ ತಿನ್ನುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಚಿಕ್ಕ ಹೊಟ್ಟೆಯಿಂದ ಬೇಗ ಹೊಟ್ಟೆ ತುಂಬಬಹುದು, ಆದರೆ ಊಟದ ಯೋಚನೆಯೇ ಬಾರದ ಹಾಗೆ ಆಗುವುದು ಯಾಕೆ? ಅದಕ್ಕೆ ಉತ್ತರ ಹಾರ್ಮೋನುಗಳಲ್ಲಿದೆ.

1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅವರ ತಂಡ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ಇದು ಮುಖ್ಯವಾಗಿ ತಯಾರಾಗುವುದು ಜಠರದಲ್ಲಿ, ಅದರಲ್ಲೂ ಮೇಲಿನ ಗುಮ್ಮಟದಂಥ ಭಾಗದಲ್ಲಿ. ಊಟದ ಹೊತ್ತು ಹತ್ತಿರ ಬಂದಾಗ ರಕ್ತದಲ್ಲಿ ಏರುತ್ತದೆ, ಮಿದುಳಿಗೆ "ಹಸಿವಾಗಿದೆ" ಎಂದು ತಿಳಿಸುತ್ತದೆ, ಊಟ ಆದ ಮೇಲೆ ಇಳಿಯುತ್ತದೆ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದು ಇದೇ ಭಾಗವನ್ನು. ಹಾಗಾಗಿ ಗ್ರೆಲಿನ್ ಧಡಕ್ಕನೆ ಕಡಿಮೆಯಾಗುತ್ತದೆ.

ಇನ್ನೊಂದು ಬದಲಾವಣೆ ಕರುಳಿನ ಕೆಳಭಾಗದಲ್ಲಿ ಆಗುತ್ತದೆ. ಅಲ್ಲಿ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳಿವೆ. ಊಟ ಅಲ್ಲಿಗೆ ತಲುಪಿದಾಗ ಇವು ಹೊರಬಂದು "ಸಾಕು" ಎಂಬ ಸಂದೇಶ ಕಳಿಸುತ್ತವೆ. ಸರ್ಜರಿ ಆದ ಮೇಲೆ ಊಟ ಬೇಗ ಕೆಳಗೆ ಇಳಿಯುತ್ತದೆ, ಸಂದೇಶವೂ ಬೇಗ ಹೋಗುತ್ತದೆ, ಜೋರಾಗಿಯೇ ಹೋಗುತ್ತದೆ. ಈಗ ಎಲ್ಲರ ಬಾಯಲ್ಲಿರುವ ತೂಕದ ಇಂಜೆಕ್ಷನ್‌ಗಳು ಅನುಕರಿಸುವುದು ಇದೇ ಜಿಎಲ್‌ಪಿ-1 ಅನ್ನು.

ಬರೀ ಪಥ್ಯ ಮಾಡಿ ತೂಕ ಇಳಿಸಿದರೆ ಯಾಕೆ ನಿಲ್ಲುವುದಿಲ್ಲ ಎನ್ನುವುದಕ್ಕೂ ಇಲ್ಲೇ ಕಾರಣ ಸಿಗುತ್ತದೆ. 2002ರಲ್ಲಿ ಡೇವಿಡ್ ಕಮಿಂಗ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಒಂದು ಸಣ್ಣ ಅಧ್ಯಯನ ಇದೆ. ಪಥ್ಯದಿಂದ ತೂಕದ 17% ಇಳಿಸಿಕೊಂಡವರಲ್ಲಿ ಗ್ರೆಲಿನ್ 24% ಏರಿತ್ತು. ಅಂದರೆ ತೂಕ ಇಳಿದಷ್ಟೂ ದೇಹ ಹಸಿವನ್ನು ಏರಿಸಿತ್ತು. ಬೈಪಾಸ್ ಆದವರಲ್ಲಿ ಮಾತ್ರ ತೂಕ ಅಷ್ಟು ಇಳಿದರೂ ಗ್ರೆಲಿನ್ ತೀರಾ ಕಡಿಮೆ ಇತ್ತು. ಬೈಪಾಸ್ ವಿಷಯದಲ್ಲಿ ಆಮೇಲಿನ ಅಧ್ಯಯನಗಳು ಬೇರೆ ಬೇರೆ ಫಲಿತಾಂಶ ಕೊಟ್ಟಿವೆ. ಸ್ಲೀವ್‌ನಲ್ಲಿ ಗ್ರೆಲಿನ್ ಇಳಿಯುವುದು ಮಾತ್ರ ಮತ್ತೆ ಮತ್ತೆ ಕಂಡುಬಂದಿದೆ.

ಇದಕ್ಕಿಂತ ಎಷ್ಟೋ ಹಿಂದೆ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಹಗಲೂ ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು. ಅವರೇನೂ ಹೊಟ್ಟೆಬಾಕರಾಗಿರಲಿಲ್ಲ, ಗಟ್ಟಿ ಮನಸ್ಸಿನ ಹುಡುಗರು. ದಪ್ಪ ಇರುವವರಿಗೆ "ಬಾಯಿ ಕಟ್ಟೋಕೆ ಆಗಲ್ವಾ?" ಎಂದು ಕೇಳುವವರು ಈ ಒಂದು ಪ್ರಯೋಗವನ್ನು ನೆನಪಿಟ್ಟುಕೊಳ್ಳಬೇಕು. ಹಸಿವು ದೇಹದ ಕೆಲಸ. ಮನಸ್ಸು ಗಟ್ಟಿ ಮಾಡಿಕೊಂಡ ಮಾತ್ರಕ್ಕೆ ಅದು ಸುಮ್ಮನಾಗುವುದಿಲ್ಲ.

ಹಾಗಾದರೆ ಸರ್ಜರಿ ಆದವರಿಗೆ ಹಸಿವು ವಾಪಸ್ ಬರುವುದು ಯಾಕೆ? ಮೊದಲ ತಿಂಗಳುಗಳಲ್ಲಿ ಜಠರ ಊದಿಕೊಂಡಿರುತ್ತದೆ, ಹೊಲಿಗೆ ಮಾಯುತ್ತಿರುತ್ತದೆ. ಆ ಊತ ಇಳಿದ ಮೇಲೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಮೊದಲ ವಾರಗಳಲ್ಲಿ ಎರಡು ಮೂರು ಚಮಚಕ್ಕೆ ನಿಲ್ಲುತ್ತಿದ್ದದ್ದು ವರ್ಷದ ಹೊತ್ತಿಗೆ ಒಂದು ಕಪ್‌ವರೆಗೆ ಬರುವುದು ಸಹಜ. ದೇಹ ಹೊಸ ತೂಕಕ್ಕೆ ಹೊಂದಿಕೊಳ್ಳುತ್ತಾ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ನೋಡುತ್ತದೆ. ಒಂದು ದಿನ ಮದುವೆಯಲ್ಲಿ ಜಾಸ್ತಿ ತಿಂದುಬಿಟ್ಟರೆ ಹೊಟ್ಟೆ ಹಿಗ್ಗಿ ಹಾಳಾಗುವುದಿಲ್ಲ. ತಿಂಗಳುಗಟ್ಟಲೆ ಪ್ರತಿ ಊಟದಲ್ಲೂ ಸಾಕು ಎನ್ನುವ ಗೆರೆ ದಾಟಿದರೆ ಮಾತ್ರ ತೊಂದರೆ.

ಎಷ್ಟು ತಿನ್ನಬೇಕು?

ಎಲ್ಲರೂ ಮೊದಲು ಕೇಳುವುದು ಕ್ಯಾಲರಿ ಲೆಕ್ಕ. ಒರಟು ಅಂದಾಜು ಹೀಗೆ. ನೀರಾಹಾರ, ಮೆತ್ತನೆ ಆಹಾರದ ಮೊದಲ ವಾರಗಳಲ್ಲಿ ದಿನಕ್ಕೆ 400ರಿಂದ 600 ಕ್ಯಾಲರಿ ಒಳಗೆ ಹೋದರೆ ಹೆಚ್ಚು. ಆರು ತಿಂಗಳ ಆಸುಪಾಸಿನಲ್ಲಿ 800ರಿಂದ 1000. ವರ್ಷದ ನಂತರ ಹಲವರು 1000ದಿಂದ 1400ರ ನಡುವೆ ನಿಲ್ಲುತ್ತಾರೆ. ಎತ್ತರ, ವಯಸ್ಸು, ಗಂಡಸೋ ಹೆಂಗಸೋ, ದಿನವಿಡೀ ನಿಂತು ಮಾಡುವ ಕೆಲಸವೋ ಕೂತು ಮಾಡುವುದೋ ಎಂಬುದರ ಮೇಲೆ ಇದು ಬದಲಾಗುತ್ತದೆ. ನಿಮ್ಮ ಅಂಕಿಯನ್ನು ನಿಮ್ಮ ಡಯಟೀಷಿಯನ್ ಹೇಳಬೇಕು, ಪಕ್ಕದ ಮನೆಯವರ ಅಂಕಿ ನಿಮಗೆ ಬೇಡ.

ನನ್ನ ಮಾತು ಕೇಳಿದರೆ, ಕ್ಯಾಲರಿಗಿಂತ ಮೊದಲು ಪ್ರೋಟೀನ್ ಎಣಿಸಿ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ಹಲವರಿಗೆ 70-80 ಗ್ರಾಂ. ಇಷ್ಟು ಕಡಿಮೆ ತಿನ್ನುವಾಗ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ. ಪ್ರೋಟೀನ್ ಸಾಲದಿದ್ದರೆ ಇನ್ನೂ ಬೇಗ ಕರಗಿಸುತ್ತದೆ. ಮಾಂಸಖಂಡ ಕಡಿಮೆಯಾದರೆ ಸುಮ್ಮನೆ ಕೂತಾಗ ಖರ್ಚಾಗುವ ಕ್ಯಾಲರಿಯೂ ಕಡಿಮೆ. ಆಮೇಲೆ ಸ್ವಲ್ಪ ತಿಂದರೂ ತೂಕ ಏರುತ್ತದೆ. ಇನ್ನೊಂದು ವಿಷಯ, ಹಸಿವನ್ನು ತುಂಬಾ ಹೊತ್ತು ತಡೆದು ನಿಲ್ಲಿಸುವುದೂ ಪ್ರೋಟೀನೇ. ಮೂರರಿಂದ ಆರು ತಿಂಗಳ ನಡುವೆ ಕೂದಲು ಕೈಗೆ ಬರುವಷ್ಟು ಉದುರಿ ಎಷ್ಟೋ ಹೆಣ್ಣುಮಕ್ಕಳು ಅತ್ತುಬಿಡುತ್ತಾರೆ. ತೂಕ ವೇಗವಾಗಿ ಇಳಿದಾಗ ಹಾಗಾಗುವುದುಂಟು, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಪ್ರೋಟೀನ್, ಕಬ್ಬಿಣ, ಸತುವಿನ ಕೊರತೆ ಇದ್ದರೆ ಮಾತ್ರ ಉದುರುವುದು ಮುಂದುವರಿಯುತ್ತದೆ.

ಸಸ್ಯಾಹಾರಿಗಳಿಗೆ ಇದು ಎಷ್ಟು ಬಿಗಿಯಾದ ಲೆಕ್ಕ ಎಂದು ಒಂದು ದಿನದ ಊಟದಲ್ಲಿ ನೋಡೋಣ. ಸರ್ಜರಿಯಾಗಿ ಎಂಟೊಂಬತ್ತು ತಿಂಗಳಾದವರು ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ 30 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಅದರ ಮೇಲೆ 40 ಗ್ರಾಂ ಪನೀರ್ ಪುಡಿ. ಸುಮಾರು 14 ಗ್ರಾಂ ಪ್ರೋಟೀನ್ ಬಂತು. ಹನ್ನೊಂದಕ್ಕೆ ಒಂದು ಲೋಟ ಹಾಲು, ಆರು ಗ್ರಾಂ. ಮಧ್ಯಾಹ್ನ 25 ಗ್ರಾಂ ಸೋಯಾ ಚಂಕ್ಸ್ ನೆನೆಸಿ ಮಾಡಿದ ಪಲ್ಯ, ಅರ್ಧ ಬಟ್ಟಲು ಗಟ್ಟಿ ತೊವ್ವೆ, ಎರಡು ಚಮಚ ಅನ್ನ. ಎಲ್ಲ ಸೇರಿ 19 ಗ್ರಾಂ. ಸಂಜೆ ನೀರಿನಲ್ಲಿ ಕಲಸಿದ ಒಂದು ಅಳತೆ ವೇ ಪ್ರೋಟೀನ್ ಪೌಡರ್, ಸುಮಾರು 22 ಗ್ರಾಂ. ರಾತ್ರಿ ಅರ್ಧ ಬಟ್ಟಲು ಕಾಳಿನ ಉಸಲಿ, ಚಿಕ್ಕ ರಾಗಿ ರೊಟ್ಟಿ, ಸ್ವಲ್ಪ ಗಟ್ಟಿ ಮೊಸರು, 12 ಗ್ರಾಂ. ಒಟ್ಟು 70 ಗ್ರಾಂ ದಾಟುತ್ತದೆ, ಕ್ಯಾಲರಿ 1000ದ ಆಸುಪಾಸು. ಈ ಪಟ್ಟಿಯಿಂದ ಪೌಡರ್ ತೆಗೆದುಬಿಟ್ಟರೆ ಪ್ರೋಟೀನ್ 50ಕ್ಕೆ ಇಳಿಯುತ್ತದೆ. "ಪೌಡರ್ ಎಲ್ಲ ಕೆಮಿಕಲ್, ಮನೆ ಊಟವೇ ಸಾಕು" ಎನ್ನುವ ಹಿರಿಯರಿಗೆ ಈ ಲೆಕ್ಕ ತೋರಿಸಿ. ಮಾಂಸ, ಮೊಟ್ಟೆ ತಿನ್ನುವವರಿಗೆ ದಾರಿ ಸಲೀಸು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, 100 ಗ್ರಾಂ ಬೇಯಿಸಿದ ಚಿಕನ್ ಬ್ರೆಸ್ಟ್‌ನಲ್ಲಿ ಸುಮಾರು 30 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಅಳತೆಗಳನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು.

ಅನ್ನ-ಸಾರು, ಮುದ್ದೆ, ಬಸ್ಸಾರು

ಆಸ್ಪತ್ರೆಯಲ್ಲಿ ಕೊಡುವ ಡಯಟ್ ಹಾಳೆಗಳಲ್ಲಿ ಸೂಪು, ಸಲಾಡು, ಗ್ರಿಲ್ ಮಾಡಿದ ಮೀನು ಎಂದೆಲ್ಲ ಇರುತ್ತದೆ. ನಮ್ಮ ಮನೆಗಳಲ್ಲಿ ತಟ್ಟೆಗೆ ಬೀಳುವುದು ಬೇರೆ. ಅದನ್ನು ಹೇಗೆ ತಿನ್ನಬೇಕು ಎಂದು ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಹೊಟ್ಟೆ ಎಷ್ಟು ಹೊತ್ತು ತುಂಬಿರುತ್ತದೆ ಎನ್ನುವುದು ಒಳಗೆ ಹೋದದ್ದು ಗಟ್ಟಿಯೋ ನೀರೋ ಎನ್ನುವುದರ ಮೇಲಿದೆ. ನೀರಾಗಿರುವುದು ಸರ್ರನೆ ಇಳಿದು ಹೋಗುತ್ತದೆ. ಗಟ್ಟಿಯಾದದ್ದು ನಿಧಾನವಾಗಿ ಇಳಿಯುತ್ತದೆ. ಸರ್ಜರಿಯಾದ ಚಿಕ್ಕ ಹೊಟ್ಟೆಯಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಊಟದ ಜೊತೆ ನೀರು ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಈಗ ಅನ್ನ-ಸಾರು ನೆನಪಿಸಿಕೊಳ್ಳಿ. ಮೆತ್ತನೆ ಅನ್ನಕ್ಕೆ ತಿಳಿ ಸಾರು ಸುರಿದು ಕಲಸಿದರೆ ಊಟದ ಜೊತೆ ನೀರು ಕುಡಿದ ಹಾಗೇ ಆಯಿತು, ಅಲ್ವಾ? ಒಂದು ಬಟ್ಟಲು ಹೋಗುತ್ತದೆ, ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದಿಲ್ಲ. ಇನ್ನೊಂದು ಬಟ್ಟಲೂ ಹೋಗುತ್ತದೆ. ಒಂದೂವರೆ ಗಂಟೆಗೆ ಮತ್ತೆ ಹಸಿವು. ಕೊನೆಗೆ ಮಜ್ಜಿಗೆ ಅನ್ನ ಬೇರೆ. "ನಾನು ಏನೂ ಕರಿದದ್ದು ತಿನ್ನಲ್ಲ, ಬರೀ ಅನ್ನ-ಸಾರು, ಆದ್ರೂ ತೂಕ ಇಳೀತಿಲ್ಲ" ಎನ್ನುವವರ ಕಷ್ಟ ಇಲ್ಲಿದೆ. ಅವರು ಸುಳ್ಳು ಹೇಳುತ್ತಿಲ್ಲ. ಒಂದು ಕಪ್ ಅನ್ನದಲ್ಲಿ ಸುಮಾರು 190 ಕ್ಯಾಲರಿ, ಪ್ರೋಟೀನ್ ನಾಲ್ಕೇ ಗ್ರಾಂ.

ಇದಕ್ಕೆ ಅನ್ನ-ಸಾರನ್ನು ಜನ್ಮಕ್ಕೆ ಬಿಡಬೇಕಿಲ್ಲ. ಕ್ರಮ ಬದಲಿಸಿದರೆ ಸಾಕು. ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಬಸಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಸರ್ಜರಿ ಆದವರಿಗೆ ಇದಕ್ಕಿಂತ ಅನುಕೂಲದ ಅಡುಗೆ ಸಿಗುವುದು ಕಷ್ಟ. ಗಟ್ಟಿಯೂ ನೀರೂ ಮೊದಲೇ ಬೇರೆಯಾಗಿರುತ್ತವೆ. ಮೊದಲು ಪಲ್ಯ ಚೆನ್ನಾಗಿ ಅಗಿದು ತಿನ್ನಿ. ಜಾಗ ಉಳಿದರೆ ಒಂದೆರಡು ತುತ್ತು ಅನ್ನ. ಸಾರನ್ನು ಅರ್ಧ ಗಂಟೆ ಬಿಟ್ಟು ಲೋಟದಲ್ಲಿ ಬಿಸಿಬಿಸಿ ಕುಡಿಯಿರಿ. ಹುಳಿಯಲ್ಲಿ ಮೇಲಿನ ತಿಳಿ ಬಿಟ್ಟು ಅಡಿಯ ಬೇಳೆ, ಹೋಳು ಹಾಕಿಸಿಕೊಳ್ಳಿ.

ಮುದ್ದೆಯ ಕಥೆ ಬೇರೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಚಿಕ್ಕವರಿಂದ ಬಂದ ರೂಢಿ ಅದು. ಸರ್ಜರಿ ಆದ ಮೇಲೆ ಹಾಗೆ ನುಂಗಿದರೆ ಎದೆಗೂಡಿನ ಕೆಳಗೆ ಸಿಕ್ಕಿಹಾಕಿಕೊಂಡ ಹಾಗಾಗಿ ನೋವು ಬರಬಹುದು, ವಾಂತಿಯಾಗಬಹುದು. ಮೊದಲ ತಿಂಗಳುಗಳಲ್ಲಿ ವೈದ್ಯರು ಒಪ್ಪಿದರೆ ರಾಗಿ ಅಂಬಲಿ, ಆಮೇಲೆ ಅಗಿದು ತಿನ್ನಬಹುದಾದ ತೆಳು ರಾಗಿ ರೊಟ್ಟಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂ ಹಿಟ್ಟಿಗೆ ಸುಮಾರು 350 ಮಿ.ಗ್ರಾಂ. ಪ್ರೋಟೀನ್ ಮಾತ್ರ ಏಳೇ ಗ್ರಾಂ, ಹಾಗಾಗಿ ಪ್ರೋಟೀನ್‌ಗೆ ಅದನ್ನು ನಂಬಿಕೊಳ್ಳಬೇಡಿ. ಚಪಾತಿ, ಬ್ರೆಡ್, ಅಂಟಂಟಾದ ಅನ್ನವೂ ಕೆಲವರಿಗೆ ಹೀಗೇ ಸಿಕ್ಕಿಹಾಕಿಕೊಳ್ಳುತ್ತದೆ. ಚಿಕ್ಕ ತುತ್ತು, ತುಂಬಾ ಅಗಿಯುವುದು, ತುತ್ತಿನ ನಡುವೆ ಬಿಡುವು. ಒಂದು ಊಟಕ್ಕೆ 20ರಿಂದ 30 ನಿಮಿಷ.

ಸಾಕು ಎನ್ನುವ ಸೂಚನೆಯೂ ಮೊದಲಿನ ಹಾಗಿರುವುದಿಲ್ಲ. ಒಬ್ಬರಿಗೆ ಬಿಕ್ಕಳಿಕೆ ಬರುತ್ತದೆ, ಇನ್ನೊಬ್ಬರಿಗೆ ಮೂಗು ಸೋರುತ್ತದೆ ಅಥವಾ ಸೀನು ಬರುತ್ತದೆ, ಮತ್ತೊಬ್ಬರಿಗೆ ಎದೆಮೂಳೆಯ ಕೆಳಗೆ ಒತ್ತಿದ ಹಾಗಾಗುತ್ತದೆ. ನಿಮ್ಮ ಸೂಚನೆ ಯಾವುದೆಂದು ಮೊದಲ ತಿಂಗಳಲ್ಲೇ ಗುರುತು ಮಾಡಿಕೊಳ್ಳಿ. ಬಿಕ್ಕಳಿಕೆ ಬಂದ ಮೇಲೆ ಇನ್ನೊಂದು ತುತ್ತೂ ಬೇಡ, ತಟ್ಟೆಯಲ್ಲಿ ಎಷ್ಟೇ ಉಳಿದಿರಲಿ.

ಮದುವೆ ಮನೆಯ ಬಾಳೆ ಎಲೆಯ ಮುಂದೆ ಕೂತಾಗ ಏನು ಮಾಡಬೇಕು? ಮೊದಲು ಬಂದದ್ದು ಕೋಸಂಬರಿ. ಅದನ್ನೇ ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳಿ, ಅದರಲ್ಲಿ ಹೆಸರುಬೇಳೆ ಇದೆ. ಕಾಳಿನ ಪಲ್ಯ ಇದ್ದರೆ ಅದನ್ನು ತಿನ್ನಿ. ಚಿತ್ರಾನ್ನ ಒಂದು ತುತ್ತು ರುಚಿ ನೋಡಿ. ಅನ್ನ ಬಡಿಸುವವರು ಬಂದಾಗ ಎಲೆಯ ಮೇಲೆ ಕೈ ಅಡ್ಡ ಇಟ್ಟು "ಒಂದೇ ಚಮಚ" ಎನ್ನಿ, ತೊವ್ವೆ ಜಾಸ್ತಿ ಕೇಳಿ. ಅಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ. ಪಾಯಸ ಬಂದಾಗ ಕಷ್ಟ, ಯಾಕೆಂದರೆ ಅದು ನೀರಾಗಿರುವುದರಿಂದ ತುಂಬಿದ ಹೊಟ್ಟೆಗೂ ಇಳಿಯುತ್ತದೆ. ಬೈಪಾಸ್ ಆದವರು ಅದನ್ನು ಬಿಡುವುದೇ ಒಳ್ಳೆಯದು, ಕಾರಣ ಮುಂದೆ ಹೇಳುತ್ತೇನೆ. "ಏನಮ್ಮಾ, ಗುಬ್ಬಿ ಹಾಗೆ ತಿಂತೀಯ, ಇನ್ನೊಂಚೂರು ಹಾಕ್ಕೋ" ಎಂದು ಅತ್ತೆಯೋ ದೊಡ್ಡಮ್ಮನೋ ಪ್ರೀತಿಯಿಂದಲೇ ಹೇಳುತ್ತಾರೆ. ಸರ್ಜರಿ ವಿಷಯ ಎಲ್ಲರಿಗೂ ಹೇಳಲೇಬೇಕಿಲ್ಲ. "ಡಾಕ್ಟರು ಹೊಟ್ಟೆಗೆ ಔಷಧಿ ಕೊಟ್ಟಿದ್ದಾರೆ, ಜಾಸ್ತಿ ತಿನ್ನೋ ಹಾಗಿಲ್ಲ ದೊಡ್ಡಮ್ಮ" ಎಂದರೆ ಸಾಕು. ಆದರೆ ಮನೆಯಲ್ಲಿ ಅಡುಗೆ ಮಾಡುವವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ. ಅವರು ಜೊತೆಗಿಲ್ಲದಿದ್ದರೆ ಇದು ನಡೆಯುವುದಿಲ್ಲ.

ಇದು ನಿಜವಾದ ಹಸಿವೇನಾ?

ಹೊಟ್ಟೆಯಲ್ಲಿ ಏನೋ ಆದ ತಕ್ಷಣ ಹಸಿವು ಎಂದು ತಿನ್ನಲು ಹೋಗಬೇಡಿ. ಸರ್ಜರಿ ಆದ ಮೇಲೆ ಬೇರೆ ಬೇರೆ ತೊಂದರೆಗಳು ಹಸಿವಿನ ಹಾಗೇ ಕಾಣುತ್ತವೆ.

ಬಾಯಾರಿಕೆ ಒಂದು. ಒಂದೇ ಸಲಕ್ಕೆ ಲೋಟ ಎತ್ತಿ ಗಟಗಟ ಕುಡಿಯಲು ಆಗುವುದಿಲ್ಲ, ಹಾಗಾಗಿ ನೀರು ಕಡಿಮೆಯಾಗುತ್ತದೆ. ದಿನಕ್ಕೆ ಒಂದೂವರೆ ಲೀಟರಾದರೂ ಬೇಕು. ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯಬೇಕು. ಎರಡನೆಯದು ಆಸಿಡಿಟಿ. ಸ್ಲೀವ್ ಆದವರಲ್ಲಿ ಇದು ಜಾಸ್ತಿ. ಹೊಟ್ಟೆ ಉರಿ, ಸಂಕಟ ಹಸಿವಿನ ಹಾಗೇ ಇರುತ್ತದೆ, ಏನಾದರೂ ತಿಂದರೆ ಒಂದು ಗಳಿಗೆ ತಣ್ಣಗಾಗುತ್ತದೆ, ಮತ್ತೆ ಶುರು. ಊಟವಾದ ಸ್ವಲ್ಪ ಹೊತ್ತಿಗೇ ಹೀಗೆ "ಹಸಿವು" ಬರುತ್ತಿದ್ದರೆ ವೈದ್ಯರಿಗೆ ಹೇಳಿ. ಆಸಿಡ್ ಕಡಿಮೆ ಮಾಡುವ ಮಾತ್ರೆ ಶುರುವಾದ ಮೇಲೆ ಎಷ್ಟೋ ಜನರ "ಹಸಿವು" ಮಾಯವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಸಿಹಿ ತಿಂದು ಒಂದರಿಂದ ಮೂರು ಗಂಟೆಯ ಒಳಗೆ ಕೈ ನಡುಕ, ಬೆವರು, ಎದೆಬಡಿತ, ಕಣ್ಣು ಮಂಜು, ಜೊತೆಗೆ ತಡೆಯಲಾಗದ ಹಸಿವು. ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲೂ ಉಂಟು. ಪಾಯಸದ ಸಕ್ಕರೆ ನೇರವಾಗಿ ಕರುಳಿಗೆ ಸುರಿಯುತ್ತದೆ, ರಕ್ತದಲ್ಲಿ ಸಕ್ಕರೆ ಜಿಗಿಯುತ್ತದೆ, ಅದಕ್ಕೆ ಉತ್ತರವಾಗಿ ಇನ್ಸುಲಿನ್ ಅಗತ್ಯಕ್ಕಿಂತ ಜಾಸ್ತಿ ಬರುತ್ತದೆ, ಸಕ್ಕರೆ ಕುಸಿಯುತ್ತದೆ. ಆ ನಡುಕಕ್ಕೆ ಮತ್ತೆ ಲಡ್ಡು, ಬಿಸ್ಕತ್ತು ತಿಂದರೆ ಇಡೀ ದಿನ ಇದೇ ಸುತ್ತು. ಆ ಕ್ಷಣದಲ್ಲಿ ಸಕ್ಕರೆ ನಿಜವಾಗಿಯೂ ಕುಸಿದಿದ್ದರೆ ಸ್ವಲ್ಪ ಸಕ್ಕರೆ ತೆಗೆದುಕೊಳ್ಳಲೇಬೇಕು, ಅದರ ಹಿಂದೆಯೇ ಮೊಟ್ಟೆ, ಪನೀರ್ ಥರದ ಪ್ರೋಟೀನ್ ಇರಲಿ. ಗ್ಲೂಕೋಮೀಟರ್ ಇದ್ದರೆ ಅಳತೆ ಬರೆದಿಡಿ, ವೈದ್ಯರಿಗೆ ತೋರಿಸಿ. ಇದಕ್ಕೆ ಆಹಾರದ ಬದಲಾವಣೆಯೇ ಮೊದಲ ಮದ್ದು, ಅದು ಸಾಲದಿದ್ದರೆ ಮಾತ್ರೆಗಳಿವೆ. ಇನ್ನೊಂದು ಬಗೆಯಲ್ಲಿ ಸಿಹಿ ತಿಂದ ಅರ್ಧ ಗಂಟೆಯೊಳಗೇ ಹೊಟ್ಟೆ ನುಲಿತ, ಭೇದಿ, ತಲೆಸುತ್ತು ಬರುತ್ತದೆ. ಇದನ್ನು ಡಂಪಿಂಗ್ ಎನ್ನುತ್ತಾರೆ. ಕಬ್ಬಿನ ಹಾಲು, ಬಾದಾಮಿ ಹಾಲು, ಐಸ್‌ಕ್ರೀಂ ಇವೆಲ್ಲ ಇದನ್ನು ತರುವಂಥವು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ: ಸರ್ಜರಿಯಾದ ಕೆಲವೇ ದಿನಗಳಲ್ಲಿ ಹಳೆಯ ಡೋಸ್ ಜಾಸ್ತಿಯಾಗಿಬಿಡಬಹುದು. ಹೊಸ ಡೋಸ್ ಕೇಳದೆ ಮನೆಗೆ ಬರಬೇಡಿ.

ಕೊನೆಯದು ಬಾಯಿ ಚಪಲ. ಬೇಜಾರು, ಸಿಟ್ಟು, ಒಂಟಿತನ, ಟಿವಿ ಮುಂದಿನ ರೂಢಿ. ಕಂಡುಹಿಡಿಯಲು ಒಂದು ಸುಲಭದ ದಾರಿ ಇದೆ. ಈಗ ಯಾರಾದರೂ ಒಂದು ಬಟ್ಟಲು ಹೆಸರುಕಾಳು ಉಸಲಿ ಕೊಟ್ಟರೆ ತಿನ್ನುತ್ತೀರಾ? ತಿನ್ನುತ್ತೇನೆ ಎಂದರೆ ನಿಜವಾದ ಹಸಿವು, ತಿನ್ನಿ. ಬೇಡ, ನಿಪ್ಪಟ್ಟು ಆದರೆ ಮಾತ್ರ ಬೇಕು ಎಂದರೆ ಹೊಟ್ಟೆಗೆ ಹಸಿವಾಗಿಲ್ಲ. ಸರ್ಜರಿ ಹೊಟ್ಟೆಗೆ ಆಗಿದೆ, ಮನಸ್ಸಿಗೆ ಆಗಿಲ್ಲ. ಇಷ್ಟು ವರ್ಷ ದುಃಖಕ್ಕೆ ಊಟವೇ ಸಮಾಧಾನ ಕೊಡುತ್ತಿದ್ದರೆ, ಅದು ಇಲ್ಲವಾದಾಗ ಮನಸ್ಸು ಕುಗ್ಗುವುದು ಸಹಜ. ನಾಚಿಕೊಳ್ಳದೆ ಆಪ್ತಸಲಹೆಗಾರರ ಹತ್ತಿರ ಹೋಗಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸಂಜೆ ನಾಲ್ಕರ ಬಾಯಾಡಿಸುವ ಹೊತ್ತು

ಸರ್ಜರಿ ಆದವರ ತೂಕ ಮತ್ತೆ ಏರುವುದು ದೊಡ್ಡ ಊಟಗಳಿಂದ ಅನ್ನುವುದಕ್ಕಿಂತ ಇಡೀ ದಿನ ಬಾಯಾಡಿಸುವುದರಿಂದ. ದೊಡ್ಡ ಊಟವನ್ನು ಹೊಟ್ಟೆಯೇ ತಡೆಯುತ್ತದೆ. ಚೂರುಚೂರು ತಿನ್ನುವುದನ್ನು ತಡೆಯುವವರು ಯಾರೂ ಇಲ್ಲ.

ಚಕ್ಕುಲಿ, ಕೋಡುಬಳೆ, ಮಿಕ್ಸ್ಚರ್, ಬಿಸ್ಕತ್ತು. ಬಾಯಲ್ಲಿ ಗರಿಗರಿ, ಆದರೆ ಕಾಫಿ ಜೊತೆ ಸೇರಿದ ತಕ್ಷಣ ಕರಗಿ ಇಳಿದು ಹೋಗುತ್ತವೆ. ಹೊಟ್ಟೆ ತುಂಬುವುದೇ ಇಲ್ಲ. ಕರಿದ ತಿಂಡಿ 100 ಗ್ರಾಂಗೆ ಸುಮಾರು 500 ಕ್ಯಾಲರಿ. ಟಿವಿ ನೋಡುತ್ತಾ 50 ಗ್ರಾಂ ಚಕ್ಕುಲಿ ಮುಗಿದದ್ದು ಗೊತ್ತೇ ಆಗುವುದಿಲ್ಲ, ಒಳಗೆ ಹೋದದ್ದು 250 ಕ್ಯಾಲರಿ. ಅದೇ 50 ಗ್ರಾಂ ಬೇಯಿಸಿದ ಚಿಕನ್ ತಿಂದರೆ 80 ಕ್ಯಾಲರಿ, ರಾತ್ರಿ ಊಟದವರೆಗೆ ಹೊಟ್ಟೆ ಸುಮ್ಮನಿರುತ್ತದೆ. ಮಂಡಕ್ಕಿಯಲ್ಲಿ ಎಣ್ಣೆ ಕಡಿಮೆ ನಿಜ, ಆದರೂ ಬರೀ ಮಂಡಕ್ಕಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇನ್ನು ಸಕ್ಕರೆ ಹಾಕಿದ ಹಾಲಿನ ಕಾಫಿ ಒಂದು ಲೋಟಕ್ಕೆ 80-100 ಕ್ಯಾಲರಿ ಎಂದು ಹಿಡಿದರೆ, ದಿನಕ್ಕೆ ನಾಲ್ಕು ಲೋಟ ಅಂದರೆ ಇಡೀ ದಿನದ ಊಟದ ಮೂರನೇ ಒಂದು ಭಾಗ ಕಾಫಿಯಲ್ಲೇ ಮುಗಿಯಿತು.

ಇದಕ್ಕೆ ಮದ್ದು ಸಂಜೆ ಹಸಿದುಕೊಂಡು ಕೂರುವುದರಲ್ಲಿ ಇಲ್ಲ. ಸಂಜೆಗೆ ಒಂದು ನಿಜವಾದ ಸಣ್ಣ ಊಟ ಇಟ್ಟುಕೊಳ್ಳಿ. ಹುರಿಗಡಲೆ, ಬೇಯಿಸಿದ ಮೊಟ್ಟೆ, ಪನೀರ್ ತುಂಡು, ಬೇಯಿಸಿದ ಕಡಲೆಕಾಳು. ತಟ್ಟೆಗೆ ಹಾಕಿಕೊಂಡು, ಕೂತು, ಫೋನ್ ಪಕ್ಕಕ್ಕಿಟ್ಟು ತಿನ್ನಿ. ದಿನಕ್ಕೆ ಮೂರು ಊಟ, ಒಂದೆರಡು ಸಣ್ಣ ತಿಂಡಿ, ಅದರ ಮಧ್ಯೆ ಬಾಯಿಗೆ ನೀರು ಮಾತ್ರ. ಬೆಳಿಗ್ಗೆ ಹಸಿವಿಲ್ಲ ಎಂದು ತಿಂಡಿ ಬಿಟ್ಟವರೇ ಸಂಜೆ ಡಬ್ಬಿಗೆ ಕೈ ಹಾಕುವುದು ಜಾಸ್ತಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಮೊದಲ ವರ್ಷ ವೈದ್ಯರನ್ನು ಕೇಳದೆ ಮಾಡಬೇಡಿ. ನೀರು ಕಡಿಮೆಯಾಗುವ ಅಪಾಯ ದೊಡ್ಡದು. ಉಪವಾಸದ ಅವಲಕ್ಕಿ, ಸಬ್ಬಕ್ಕಿಯಲ್ಲಿ ಪ್ರೋಟೀನೂ ಅಷ್ಟಕ್ಕಷ್ಟೇ.

ಮದ್ಯದ ಬಗ್ಗೆ ಎರಡು ಮಾತು. ಸರ್ಜರಿ ಆದ ಮೇಲೆ, ಅದರಲ್ಲೂ ಬೈಪಾಸ್ ಆದ ಮೇಲೆ, ಅದು ರಕ್ತಕ್ಕೆ ತುಂಬಾ ಬೇಗ ಏರುತ್ತದೆ. ಊಟದ ಚಟ ಬಿಟ್ಟುಹೋದ ಜಾಗಕ್ಕೆ ಕುಡಿತ ಬಂದು ಕೂರುವುದುಂಟು. ಎರಡನೇ ವರ್ಷದಿಂದ ಈ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ.

ತೂಕ ಸ್ವಲ್ಪ ಏರಿದರೆ

ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದರಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ 32% ತೂಕ ಇಳಿಸಿಕೊಂಡಿದ್ದರು. 10 ವರ್ಷದ ಹೊತ್ತಿಗೆ ಆ ಇಳಿಕೆ 25%ಗೆ ಬಂದು ನಿಂತಿತ್ತು. 110 ಕೆ.ಜಿ. ಇದ್ದವರ ಲೆಕ್ಕದಲ್ಲಿ ಹೇಳಿದರೆ, 75ಕ್ಕೆ ಇಳಿದು ಆಮೇಲೆ 82ರ ಹತ್ತಿರ ನಿಂತ ಹಾಗೆ. ಅಂದರೆ ಮೂರನೇ ವರ್ಷ ನಾಲ್ಕೈದು ಕೆ.ಜಿ. ವಾಪಸ್ ಬಂದರೆ ಅದು ಸೋಲು ಎಂದು ತಲೆ ಮೇಲೆ ಕೈ ಹೊತ್ತು ಕೂರಬೇಕಿಲ್ಲ. ಆಗ ಕೆಲವರು ಮಾಡುವ ದೊಡ್ಡ ತಪ್ಪು ಎಂದರೆ ಮತ್ತೆ 500 ಕ್ಯಾಲರಿಗೆ ಇಳಿಯುವುದು, ವಾರಗಟ್ಟಲೆ ಬರೀ ಜ್ಯೂಸ್ ಕುಡಿಯುವುದು. ಮಾಂಸಖಂಡ ಕರಗುತ್ತದೆ, ನಾಲ್ಕು ದಿನಕ್ಕೆ ಹಸಿವು ಗೆಲ್ಲುತ್ತದೆ. ಅದರ ಬದಲು ಪ್ರೋಟೀನ್ ಮತ್ತೆ ಎಣಿಸಲು ಶುರು ಮಾಡಿ, ನೀರು-ಊಟ ಬೇರೆ ಮಾಡಿ, ಕಾಫಿ-ಕುರುಕಲು ಬರೆದಿಡಿ. ವಾರಕ್ಕೆ ಎರಡು ಮೂರು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡುವ ವ್ಯಾಯಾಮ ಮಾಡಿ. ನಡಿಗೆ ಒಳ್ಳೆಯದೇ, ಅದೊಂದೇ ಸಾಲದು.

ಇಷ್ಟು ಮಾಡಿಯೂ ಹಸಿವು ತಡೆಯಲಾಗದಿದ್ದರೆ, ತೂಕ ಏರುತ್ತಲೇ ಇದ್ದರೆ, ಸರ್ಜನ್ ಹತ್ತಿರ ವಾಪಸ್ ಹೋಗಿ. ಬಹಳ ಜನ ಬೈಸಿಕೊಳ್ಳಬೇಕಾಗುತ್ತದೆ ಎಂದು ಹೆದರಿ ಹೋಗುವುದೇ ಇಲ್ಲ. ಜಠರದ ಆಕಾರ ಬದಲಾಗಿದೆಯೇ ಎಂದು ಎಂಡೋಸ್ಕೋಪಿಯಲ್ಲಿ ನೋಡಬಹುದು. ಥೈರಾಯ್ಡ್ ಪರೀಕ್ಷೆ ಮಾಡಬಹುದು. ತೂಕ ಹೆಚ್ಚಿಸುವ ಬೇರೆ ಮಾತ್ರೆ ನುಂಗುತ್ತಿದ್ದೀರಾ ಎಂದು ಪರಿಶೀಲಿಸಬಹುದು. 2025ರಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಬಂದ ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳನ್ನು ಸರ್ಜರಿ ಆದವರಿಗೂ ವೈದ್ಯರು ಅಳೆದು ತೂಗಿ ಕೊಡುತ್ತಾರೆ. ಅಂಗಡಿಯಿಂದ ನೀವೇ ತಂದು ಚುಚ್ಚಿಕೊಳ್ಳಬೇಡಿ. ಮೊದಲೇ ಕಡಿಮೆ ತಿನ್ನುವವರು ಇನ್ನೂ ಕಡಿಮೆ ತಿಂದರೆ ಪೋಷಕಾಂಶಗಳ ಗತಿ ಏನು?

ಗುಳಿಗೆಗಳು ಜೀವನಪೂರ್ತಿ. ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕಬ್ಬಿಣ, ದಿನಕ್ಕೆ 1200ರಿಂದ 1500 ಮಿ.ಗ್ರಾಂ ಕ್ಯಾಲ್ಸಿಯಂ. ಊಟದ್ದೂ ಗುಳಿಗೆಯದೂ ಸೇರಿದ ಲೆಕ್ಕ ಇದು, ಗುಳಿಗೆ ಸಿಟ್ರೇಟ್ ರೂಪದ್ದಾದರೆ ಒಳ್ಳೆಯದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಗುಳಿಗೆ ಕಾಫಿ-ಟೀ ಜೊತೆಯೂ ಬೇಡ. ಮಕ್ಕಳು ಬೇಕೆಂದಿರುವವರು ಸರ್ಜರಿಯಾಗಿ 12ರಿಂದ 18 ತಿಂಗಳು ಕಾಯಬೇಕು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಬ್ರುಫೆನ್ ಥರದ ಮಾತ್ರೆ ನುಂಗಬೇಡಿ, ಬೈಪಾಸ್ ಆದವರಿಗೆ ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು.

ಎರಡು ದಿನಕ್ಕಿಂತ ಹೆಚ್ಚು ವಾಂತಿ ನಿಲ್ಲದಿದ್ದರೆ, ನೀರೂ ನಿಲ್ಲದಿದ್ದರೆ ಕಾಯಬೇಡಿ. ದೇಹದಲ್ಲಿ ವಿಟಮಿನ್ ಬಿ1 ಬೇಗ ಮುಗಿದುಹೋಗುತ್ತದೆ. ನಡಿಗೆ ತಪ್ಪುವುದು, ಕಣ್ಣಿಗೆ ಎರಡೆರಡು ಕಾಣುವುದು, ಮಾತು ಗೊಂದಲವಾಗುವುದು ಅದರ ಸೂಚನೆ, ತಡವಾದರೆ ಮಿದುಳಿಗೆ ಶಾಶ್ವತ ಪೆಟ್ಟಾಗಬಹುದು. ಜೋರು ಹೊಟ್ಟೆನೋವು, ಕಪ್ಪು ಮಲ, ಜ್ವರ, ಏರಿದ ಎದೆಬಡಿತ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿಯ ವೈದ್ಯರು ಹೊಸಬರಾದರೆ ಯಾವ ಸರ್ಜರಿ, ಯಾವಾಗ ಆಯಿತು ಎಂದು ಮೊದಲೇ ಹೇಳಿ.

ಉಳಿದಂತೆ ಮೊದಲ ವರ್ಷ ವೈದ್ಯರು ಹೇಳಿದ ತಿಂಗಳುಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಹೋಗುವ ಮುಂಚೆ ಮೂರು ದಿನ ತಿಂದದ್ದನ್ನೆಲ್ಲ ಗಂಟೆ ಸಮೇತ ಬರೆದಿಡಿ, ಹಬ್ಬದ ದಿನವನ್ನೂ ಬಿಡಬೇಡಿ. ಹಸಿವು ಯಾವ ಹೊತ್ತಿಗೆ ಬಂತು, ಅದಕ್ಕೆ ಮುಂಚೆ ಏನು ತಿಂದಿದ್ದಿರಿ ಎನ್ನುವುದೂ ಇರಲಿ. ಆ ಹಾಳೆಯನ್ನೂ ನುಂಗುತ್ತಿರುವ ಗುಳಿಗೆಗಳ ಡಬ್ಬಿಗಳನ್ನೂ ಡಯಟೀಷಿಯನ್ ಮುಂದೆ ಇಡಿ.